ಕಾಂಡ್ಲಾ ಬೇರಿನ ನೀರು

"ಥೂ!" ಎಂದು ಅಕೇಟಾ ಬಾಯೊಳಗಿನ ನೀರನ್ನು ಮರಳಿನ ಮೇಲೆ ಉಗಿದಳು. "ಇದರಲ್ಲಿ ಏನೂ ಇಲ್ಲವಲ್ಲೇ!"

ಸುತ್ತ ನಿಂತಿದ್ದ ಹೆಂಗಸರು ಗೊಳ್ಳೆಂದರು. ಸಿರೋಯಾಗೆ ಮಾತ್ರ ನಗು ಬರಲಿಲ್ಲ. ಆ ಅರ್ಧ ಚಿಪ್ಪು ನೀರಿಗಾಗಿ ಅವಳು ಬೆಳಗಿನಿಂದ ಕಾದು ಕೂತಿದ್ದಳು.

"ಏನೂ ಇಲ್ಲ ಅಂದ್ರೆ ಉಪ್ಪಿಲ್ಲ ಅಂತ, ಚಿಕ್ಕಮ್ಮ. ಅದಕ್ಕೇ ತಾನೆ ಇಷ್ಟೆಲ್ಲ ಒದ್ದಾಡಿದ್ದು?"

"ಉಪ್ಪಿಲ್ಲ, ಒಪ್ಪಿದೆ. ಆದ್ರೆ ನೀರೂ ಇಲ್ಲವಲ್ಲ! ನಿನ್ನ ಮರಾನೂ ನನ್ನ ಹಾಗೇ ಮುದುಕಿ ಕಣೇ. ತೊಟ್ಟು ತೊಟ್ಟೇ ಹೊಯ್ಯೋದು."

ಮರವೆಂದರೆ ಸಿರೋಯಾ ಕಟ್ಟಿದ ಮರ. ಸಮುದ್ರದ ನೀರು ಒಳಹರಿಯುವ ಖಾರಿಯ ಕೆಸರಿನಲ್ಲಿ ನಿಂತು ಉಪ್ಪುನೀರನ್ನೇ ಕುಡಿದು ಬದುಕುವ ಕಾಂಡ್ಲಾ ಗಿಡಗಳನ್ನು ನೋಡಿ ನೋಡಿ ಕಟ್ಟಿದ್ದು. ಬೇರಿನ ಜಾಗದಲ್ಲಿ ಟೊಳ್ಳು ಕಡ್ಡಿಗಳ ಕಟ್ಟು. ಕಡ್ಡಿಗಳ ಮೇಲೆ ಕಡಲ ಪಾಚಿ ಬೇಯಿಸಿ ಬಳಿದ ತೆಳುಪೊರೆ, ಒಂದರ ಮೇಲೊಂದು. ಮೇಲೆ ಮುಂಡಿಗೆ ಓಲೆಯಲ್ಲಿ ಹೆಣೆದ ಎಲೆಗಳು. ಬಿಸಿಲಿಗೆ, ಗಾಳಿಗೆ ಎಲೆ ಒಣಗಿದಷ್ಟೂ ಬೇರು ಖಾರಿಯ ನೀರನ್ನು ಎಳೆಯುತ್ತಿತ್ತು. ಪೊರೆ ಉಪ್ಪನ್ನು ಹೊರಗೇ ತಡೆಯುತ್ತಿತ್ತು. ಎಲೆ ಕುಡಿದು ಮಿಕ್ಕಿದ್ದು ಕಾಂಡದ ನಳಿಗೆಯಿಂದ ಚಿಪ್ಪಿಗೆ ಇಳಿಯುತ್ತಿತ್ತು. ದ್ವೀಪದಲ್ಲಿ ಸಿಗದ ಯಾವ ವಸ್ತುವೂ ಅದರಲ್ಲಿರಲಿಲ್ಲ. ಇರುವಂತೆಯೂ ಇರಲಿಲ್ಲ, ಹಡಗುಗಳು ಬರುವುದೇ ಅಪರೂಪವಾಗಿತ್ತು.

ಕಳೆದ ದೊಡ್ಡ ಉಬ್ಬರದಲ್ಲಿ ನಮ್ಮ ಬಾವಿಗೆ ಸಮುದ್ರ ನುಗ್ಗಿದ ಮೇಲೆ ಊರು ಮಳೆಯನ್ನೇ ನಂಬಿಕೊಂಡಿತ್ತು. ಮಳೆಯೂ ಕೈಕೊಟ್ಟಿತ್ತು. ಬರುವ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹಿರಿಯರು ಸಭೆಯ ಮನೆ ಮಾನೇಬಾದಲ್ಲಿ ಕೂತು, ಊರಿಗೆ ಊರೇ ಉತ್ತರದ ದ್ವೀಪಕ್ಕೆ ಹೋಗಬೇಕೋ ಬೇಡವೋ ತೀರ್ಮಾನಿಸುವವರಿದ್ದರು. ಅಲ್ಲಿ ಬಂಧುಗಳಿದ್ದರು, ಜಾಗ ಕೊಡುತ್ತೇವೆ ಎಂದೂ ಹೇಳಿದ್ದರು. ಆದರೆ ಅಲ್ಲಿ ನಾವು ಎಷ್ಟು ಕಾಲವಿದ್ದರೂ ನೆಂಟರೇ.

ಮಧ್ಯಾಹ್ನ ಸಿರೋಯಾ ಸೊಂಟದ ಮಟ್ಟದ ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ನಿಂತಿದ್ದಳು. ಪೊರೆ ಇನ್ನೂ ದಪ್ಪ ಮಾಡಿದರೆ ನೀರು ಪೂರಾ ನಿಲ್ಲುತ್ತದೆ. ತೆಳು ಮಾಡಿದರೆ ಉಪ್ಪು ಒಳಗೆ ಬರುತ್ತದೆ. ಹಾಗಿದ್ದರೆ ಈ ಗಿಡ ಹೇಗೆ ಇಷ್ಟು ನೀರು ಕುಡಿಯುತ್ತದೆ? ಯೋಚಿಸುತ್ತ ಒಂದು ಎಲೆ ಕಿತ್ತು ಅಗಿದಳು. ಉಪ್ಪು! ಚಿಗುರೆಲೆ ಅಗಿದಳು, ಅಷ್ಟಿರಲಿಲ್ಲ. ಹಳದಿಯಾಗಿ ಉದುರಲಿದ್ದ ಎಲೆಯ ರುಚಿಗೆ ಮುಖವೇ ಕಿವುಚಿಕೊಂಡಿತು. ಅವಳು ಎಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಗಿಡ ತಾನು ಅಂದುಕೊಂಡಷ್ಟು ಮಡಿವಂತ ಅಲ್ಲ. ಒಂದಿಷ್ಟು ಉಪ್ಪನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಎಲೆಯ ಜೊತೆ ಉದುರಿಸುತ್ತದೆ.

ಒದ್ದೆ ಬಟ್ಟೆಯಲ್ಲೇ ಓಡಿಬಂದು ಚಿಪ್ಪುಗಳನ್ನು ಸಾಲಾಗಿ ಇಟ್ಟಳು. ತನ್ನ ಪಾಲಿನ ಮಳೆನೀರಿಗೆ ಖಾರಿಯ ನೀರನ್ನು ಹೆಚ್ಚು ಕಡಿಮೆ ಬೆರೆಸಿದಳು.

"ಚಿಕ್ಕಮ್ಮ, ಕಣ್ಣು ಮುಚ್ಚಿಕೋ."

"ಯಾಕೆ, ವಿಷ ಹಾಕ್ತೀಯಾ?"

"ಹಾಕಿದ್ರೆ ಹೇಳೇ ಹಾಕ್ತೀನಿ. ಕುಡಿ, ಯಾವುದು ಚೆನ್ನಾಗಿದೆ ಹೇಳು."

ಅಕೇಟಾ ಒಂದೊಂದೇ ಗುಟುಕು ಚಪ್ಪರಿಸಿದಳು. "ಇದು ಸಪ್ಪೆ. ಇದೂ ಸಪ್ಪೆ. ಅಯ್ಯಯ್ಯೋ, ಇದು ಮೀನು ಬೇಯಿಸೋಕೆ!" ಮುಂದಿನ ಚಿಪ್ಪಿನಿಂದ ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಕುಡಿದಳು. ಕಣ್ಣು ತೆರೆಯಲಿಲ್ಲ.

"ಬಾವಿ ಬಾಯಿಗೆ ಹಲಗೆ ಹಾಕಿದ್ರಲ್ಲ. ಯಾವಾಗ ತೆಗೆದ್ರು?" ಎಂದಳು.

"ತೆಗೆದಿಲ್ಲ, ಚಿಕ್ಕಮ್ಮ."

"ಮತ್ತೆ ಇದು ನಮ್ಮ ಬಾವಿ ನೀರೇ ಅಲ್ವೇನೆ? ಸಮುದ್ರ ನುಗ್ಗೋ ಮುಂಚಿನ ಅದೇ ಚೂರು ಉಪ್ಪಿನ ರುಚಿ!"

ನೆರೆಯ ಹೆಂಗಸರೂ ಬಂದು ಕುಡಿದರು. ಬಹುಪಾಲು ಜನ ಅದೇ ಚಿಪ್ಪಿಗೆ ಕೈ ಹಾಕಿದರು. ಸಿರೋಯಾ ಅಷ್ಟು ಉಪ್ಪನ್ನು ಒಳಗೆ ಬಿಡುವಷ್ಟು ತೆಳುವಾಗಿ ಹೊಸ ಕಡ್ಡಿಗಳಿಗೆ ಪೊರೆ ಬಳಿಯಲು ಕೂತಳು. ಒಂದು ಕಟ್ಟಿಗೆ ನಾಲ್ಕು ಸಲ, ಇನ್ನೊಂದಕ್ಕೆ ಎರಡು ಸಲ. ಮೊದಲನೆಯದು ಹಿಂದಿನಂತೆ ತೊಟ್ಟು ತೊಟ್ಟೇ ಸುರಿಸಿತು, ಎರಡನೆಯದರ ಪೊರೆ ಹರಿದುಹೋಯಿತು. ಮೂರು ಸಲ ಬಳಿದದ್ದರಲ್ಲಿ ಬಂದ ನೀರನ್ನು ಅಕೇಟಾ ಕುಡಿದಳು. ಒಳಗೆ ಹೋಗಿ ತನ್ನ ಕೊಡ ತಂದು ನಳಿಗೆಯ ಕೆಳಗೆ ಇಟ್ಟಳು.

ಭಾನುವಾರ ಮಾನೇಬಾದಲ್ಲಿ ಆ ಕೊಡ ಕೈಯಿಂದ ಕೈಗೆ ಹೋಯಿತು. ಹಿರಿಯ ನಕಿಬಾಯೆ ಕುಡಿದು ಮೀಸೆ ಒರೆಸಿಕೊಂಡರು. ಮೊದಲಿನಿಂದಲೂ ಹೋಗುವುದೇ ಮೇಲು ಎನ್ನುತ್ತಿದ್ದವರು ಅವರು.

"ರುಚಿಯ ಮಾತು ಬೇಡ ಮಗಳೇ. ಇದು ಎಷ್ಟು ದಿನ ನಡೆಯುತ್ತೆ? ಅದು ಹೇಳು."

"ಗೊತ್ತಿಲ್ಲ, ಅಜ್ಜ," ಎಂದಳು ಸಿರೋಯಾ. "ಎಲೆಗಳಿಗೆ ಉಪ್ಪು ಕಟ್ಟುತ್ತೆ. ಆಗಾಗ ಕಿತ್ತು ಬಿಸಾಕಿ ಹೊಸದು ಹೆಣೀಬೇಕು. ಬೇರು ಕೊಳೆಯುತ್ತೆ, ಮತ್ತೆ ಬಳೀಬೇಕು. ಒಂದು ಮರ ಒಂದು ಮನೆಗೂ ಸಾಲೋದಿಲ್ಲ."

"ಅಂದ್ರೆ ಕೆಲಸ ಮುಗಿಯೋದೇ ಇಲ್ಲ."

"ಇಲ್ಲ."

"ಓಲೆ ಹೆಣೆಯೋದು ನಮಗೇನು ಹೊಸದಾ?" ಹೆಂಗಸರ ಕಡೆಯಿಂದ ಅಕೇಟಾಳ ದನಿ ಬಂತು. "ಗಂಡಸರು ಬೇಕಾದ್ರೆ ಹೋಗಲಿ. ಅಲ್ಲಿ ನೆಂಟರ ಮನೇಲಿ ಕಾಲು ಚಾಚಿ ಮಲಗಲಿ!"

ನಗುವಿನಲ್ಲಿ ನಕಿಬಾಯೆ ಏನೋ ಹೇಳಿದ್ದು ಕೇಳಿಸಲಿಲ್ಲ. ಅವರು ಪಕ್ಕದ ಹಿರಿಯರ ಕಡೆ ಬಾಗಿ ಬಹಳ ಹೊತ್ತು ಮಾತಾಡಿದರು. ಕೊನೆಗೆ, ಗಾಳಿ ತಿರುಗುವ ಕಾಲದವರೆಗೆ ಇದ್ದು ನೋಡೋಣ, ಆಮೇಲೆ ಮತ್ತೆ ಕೂರೋಣ ಎಂದರು.

ಸಂಜೆ, ಹೊರಡಬೇಕಾದೀತೆಂದು ತುಂಬಿ ದಡಕ್ಕೆ ಎಳೆದಿಟ್ಟಿದ್ದ ದೋಣಿಗಳಿಂದ ಚಾಪೆ, ಪಾತ್ರೆಗಳು ಕೆಳಗಿಳಿದವು. ನಕಿಬಾಯೆ ತಮ್ಮ ದೋಣಿಯ ಅಡ್ಡಗೋಲಿಗೆ ಕಟ್ಟಿದ್ದ ಕೋಳಿಯ ಕಾಲಿನ ಹುರಿ ಬಿಚ್ಚಿದರು. ಅದು ಮರಳಿಗೆ ಹಾರಿ, ಅತ್ತಿತ್ತ ನೋಡುತ್ತ ಒಂದು ಕಾಲೆತ್ತಿಕೊಂಡು ನಿಂತಿತು. ಆಮೇಲೆ ರೆಕ್ಕೆ ಒದರಿಕೊಂಡು, ಅಲ್ಲೇ ಕೆದಕತೊಡಗಿತು.