ರೂಟ್ ಆದವರು

ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತವಳೇ ಅವಳು ಕಂಪ್ಯೂಟರಿನ ಪರದೆ ನೋಡಿ ಮರಗಟ್ಟಿಹೋದಳು. ಮೇಷ್ಟ್ರು ರೂಟ್ ಆಗಿದ್ದರು, ಈಗ ತಾನೇ. ಅವರು ಇದೇ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ತಿಂಗಳಾಗಿತ್ತು.

ಆಸ್ಪತ್ರೆಯ ದಾಖಲೆಗಳೆಲ್ಲ ಇರುವ ಯುನಿಕ್ಸ್ ಸರ್ವರ್‌ಗಳ ಕೆಲಸವನ್ನು ಅವಳಿಗೆ ಕಲಿಸಿದವರೇ ಮೇಷ್ಟ್ರು. ರೂಟ್ ಆದವರು, ಅಂದರೆ ಸರ್ವರಿನ ಪೂರ್ಣ ಅಧಿಕಾರ ಪಡೆದವರು, ಯಾವ ದಾಖಲೆಯನ್ನಾದರೂ ತಿದ್ದಬಹುದು, ಅಳಿಸಬಹುದು. ಅದಕ್ಕೇ ವ್ಹೀಲ್ ಎಂಬ ಗುಂಪಿಗೆ ಸೇರಿಸಿದವರಿಗೆ ಮಾತ್ರ ಆ ಅಧಿಕಾರ ಸಿಗುವಂತೆ ಅವರು ಬಿಗಿ ಮಾಡಿದ್ದರು. ಸಿಕ್ಕಸಿಕ್ಕವರನ್ನು ಸೇರಿಸಬೇಡ ಎಂದು ಹೇಳಿ ಹೇಳಿ ಅವಳ ಕಿವಿ ತೂತು ಮಾಡಿದ್ದರು. ಅವರು ಹೋದ ಮೇಲೆ ಅವರ ಹೆಸರನ್ನೇ ತೆಗೆಯಲು ಅವಳಿಗೆ ಕೈ ಬಂದಿರಲಿಲ್ಲ.

ಲಾಗಿನ್ ಆಗಿದ್ದು ದಾಖಲೆ ವಿಭಾಗದಿಂದ. ಅವಳು ಏದುಸಿರು ಬಿಡುತ್ತ ಅಲ್ಲಿಗೆ ಓಡಿದಳು. ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ, ಅದೇ ವಿಭಾಗದ ಗುಮಾಸ್ತೆಯಾದ ಮೇಷ್ಟ್ರ ಹೆಂಡತಿ ಕೂತಿದ್ದರು.

"ನೀವಾ ಅಕ್ಕ?"

"ಪಾಸ್‌ವರ್ಡ್ ಅವರೇ ಹೇಳಿದ್ರು, ಆಸ್ಪತ್ರೆಗೆ ಸೇರೋ ಮುಂಚೆ," ಎಂದರು ಆಕೆ, ತಲೆ ಎತ್ತದೆ. "ಅವರು ಹೋದ ರಾತ್ರಿ ಉಸಿರಾಟದ ಮೆಷಿನ್ನಿನ ಅಲಾರಂ ಬಡ್ಕೊಳ್ತಾನೇ ಇತ್ತು. ಯಾರೂ ಬರ್ಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಇಲ್ಲಿ ಅವರ ದಾಖಲೆ ನೋಡು, ಅಲಾರಂ ಸುದ್ದಿನೇ ಇಲ್ಲ."

ಅವಳಿಗೆ ನಂಬಿಕೆಯಾಗಲಿಲ್ಲ. ಮೆಷಿನ್ನಿನ ಅಲಾರಂ ತಾನಾಗಿಯೇ ದಾಖಲಾಗುತ್ತದೆ. ಅಳಿಸಬೇಕಾದರೆ ರೂಟ್ ಆಗಲೇಬೇಕು. ಯಾರು ಯಾವಾಗ ರೂಟ್ ಆದರೆಂಬುದು ಬೇರೊಂದು ಸರ್ವರಿನಲ್ಲಿ ಉಳಿಯುತ್ತಿತ್ತು. ಅದನ್ನು ತೆರೆದಳು. ಸಾವಿನ ಮರುದಿನ ರೂಟ್ ಆದವರು ಒಬ್ಬರೇ: ಆಸ್ಪತ್ರೆಯ ನಿರ್ದೇಶಕರು.

ಅವರನ್ನು ಗುಂಪಿಗೆ ಸೇರಿಸಿದವಳು ಅವಳೇ. ಮೇಷ್ಟ್ರು ಹೋದ ಮರುದಿನ ಅತ್ತು ಕಣ್ಣು ಊದಿಸಿಕೊಂಡು ಕೂತಿದ್ದಾಗ ನಿರ್ದೇಶಕರು ಬಂದು, ಬೆನ್ನು ತಟ್ಟಿ ಸಮಾಧಾನ ಹೇಳಿ, ಲೆಕ್ಕ ತಪಾಸಣೆಗೆ ಬೇಕು, ಒಂದೆರಡು ದಿನದ ಮಟ್ಟಿಗೆ ಎಂದಿದ್ದರು. ಯಾಕೆಂದು ಅವಳು ಕೇಳಿಯೂ ಇರಲಿಲ್ಲ.

"ಅಕ್ಕ, ಬಾಗಿಲು ತೆಗೆದುಕೊಟ್ಟವಳು ನಾನೇ," ಎಂದಳು. ಮೇಷ್ಟ್ರ ಹೆಂಡತಿ ಅವಳನ್ನೇ ದಿಟ್ಟಿಸಿದರು. ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಈಗ ಮುಚ್ಚು ಮತ್ತೆ," ಎಂದರು.

ಅವಳು ಗುಂಪಿನಿಂದ ನಿರ್ದೇಶಕರನ್ನು ತೆಗೆದಳು. ಮೇಷ್ಟ್ರನ್ನೂ ತೆಗೆದಳು. ಸಾವಿನ ರಾತ್ರಿಯ ಬ್ಯಾಕಪ್ಪಿನಲ್ಲಿ ಅಲಾರಮ್ಮಿನ ಸಾಲುಗಳು ಒಂದೂ ಬಿಡದೆ ಇದ್ದವು. ಪ್ರತಿ ತೆಗೆದುಕೊಂಡು ಇಬ್ಬರೂ ನೇರ ಪೊಲೀಸ್ ಠಾಣೆಗೆ ನಡೆದರು. ದಾರಿಯಲ್ಲಿ ಫೋನ್ ಬಂತು. ತಮ್ಮ ಅಧಿಕಾರ ಕಿತ್ತವರು ಯಾರೆಂದು ನಿರ್ದೇಶಕರು ಗದರಿದರು.

"ನಾನೇ, ಸರ್," ಎಂದು ಅವಳು ಫೋನ್ ಇಟ್ಟಳು.

ಮೆಷಿನ್ನುಗಳು ಕೆಟ್ಟಿವೆಯೆಂದು ಗೊತ್ತಿದ್ದೂ ನಿರ್ದೇಶಕರು ಅವನ್ನೇ ಬಳಸಲು ಬಿಟ್ಟಿದ್ದರು, ಅದನ್ನು ಮುಚ್ಚಲೆಂದೇ ಅಲಾರಂ ಅಳಿಸಿದ್ದರು ಎಂಬ ಸಂಗತಿ ವಿಚಾರಣೆಯಲ್ಲಿ ಹೊರಬಿತ್ತು. ನಿರ್ದೇಶಕರು ಜೈಲು ಸೇರಿದರು. ಅವರನ್ನು ಗುಂಪಿಗೆ ಸೇರಿಸಿದ್ದಕ್ಕೆ ಆಸ್ಪತ್ರೆಯಿಂದ ಅವಳಿಗೂ ನೋಟೀಸು ಬಂತು. ತಪ್ಪು ತನ್ನದೆಂದೇ ಬರೆದುಕೊಟ್ಟಳು.