ಬಲಗಡೆಯ ಬಾಗಿಲು

ಪರದೆಯ ಮೇಲಿದ್ದ ಕಾರಿನ ಬಲಬಾಗಿಲನ್ನು ರಘುನಂದನ್ ಮೂರನೆಯ ಸಲ ತಿರುಗಿಸಿದ. ಹಿಡಿಕೆ ಕೂರುವ ಗುಳಿಯ ಹತ್ತಿರಕ್ಕೆ ಎಳೆದು, ಹಳದಿ ಬಾಣಗಳು ಕಾಣುವಂತೆ ಮಾಡಿದ. ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಬಾಣಗಳೆಲ್ಲ ಬಾಗಿಲಿನ ಒಳಕ್ಕೆ ಮುಖ ಮಾಡಿದ್ದವು. ಹೊರಕ್ಕೆ ಮಾಡಬೇಕಿತ್ತು.

ಗುರುವಾರ ಸಂಜೆ ಐದೂ ನಲವತ್ತೆರಡು. ಉದ್ಯೋಗ ವಿಹಾರ ಬಡಾವಣೆಯ ಆ ಕಚೇರಿಯ ಮೂರನೆಯ ಮಹಡಿಯಲ್ಲಿ ಎದ್ದು ಹೊರಡುವವರ ಬ್ಯಾಗಿನ ಜಿಪ್ ಸದ್ದು ಶುರುವಾಗಿತ್ತು. ಕೈಯನ್ನು ಮೌಸಿನ ಮೇಲಿಂದ ತೆಗೆದು ಅವನು ಕುರ್ಚಿಗೆ ಒರಗಿದ. ಎಷ್ಟೋ ವಾರಗಳಿಂದ ಎದೆಯೊಳಗೆ ಬಿಗಿದಿದ್ದ ಏನೋ ಒಂದು ಸಡಿಲವಾಯಿತು. ಅದು ಸಂತೋಷ ಎಂದು ಅವನಿಗೆ ಗೊತ್ತಾಯಿತು. ಗೊತ್ತಾದ ಮೇಲೂ ಅದನ್ನು ತಡೆಯಲಿಲ್ಲ.

ಕಂಪ್ಯೂಟರಿಗೆ ಬಾಗಿಲೆಂದರೆ ತಗಡಲ್ಲ, ಒಂದಕ್ಕೊಂದು ಅಂಟಿದ ಎಂಬತ್ತು ಸಾವಿರ ಪುಟ್ಟ ತ್ರಿಕೋನಗಳ ಬಲೆ. ಪ್ರತಿ ತ್ರಿಕೋನದ ಮೈಮೇಲೆ ನೆಟ್ಟಗೆ ನಿಂತ ಒಂದು ಬಾಣವನ್ನು ಲೆಕ್ಕ ಹಾಕಬೇಕು. ಯಾವುದು ಹೊರಮೈ, ಯಾವುದು ಒಳಮೈ ಎಂಬುದನ್ನು ಹೇಳುವುದು ಅದೊಂದೇ. ಮೂರು ಮೂಲೆಗಳನ್ನು ಯಾವ ಸರದಿಯಲ್ಲಿ ಎಣಿಸುತ್ತೇವೆ ಎಂಬುದರ ಮೇಲೆ ಬಾಣ ಆಚೆಗೋ ಈಚೆಗೋ ಏಳುತ್ತದೆ. ಅದು ತಿರುಗಿದರೆ, ತಗಡಿನ ಗಟ್ಟಿತನ ನೋಡಲು ಪರದೆಯ ಮೇಲೆ ಹೊರಗಿನಿಂದ ಒತ್ತಿದ ಬಾಗಿಲು ತಗ್ಗುವ ಬದಲು ಉಬ್ಬುತ್ತದೆ.

ಈ ಲೆಕ್ಕದ ಕೋಡನ್ನು ಒಂಬತ್ತು ವರ್ಷಗಳ ಹಿಂದೆ ಬರೆದವನು ರಘುನಂದನ್. ಒಂದೊಂದೇ ತ್ರಿಕೋನವನ್ನು ಹಿಡಿದು ನಡೆಯುತ್ತಿದ್ದ ಅದು ಒಂದು ಬಾಗಿಲಿಗೆ ಆರು ನಿಮಿಷ ತೆಗೆದುಕೊಳ್ಳುತ್ತಿತ್ತು. ಕಳೆದ ತಿಂಗಳು ಕಿರಿಯ ಸಹೋದ್ಯೋಗಿ ಚೋಂದಮ್ಮ ಅದನ್ನು ಹೊಸದಾಗಿ ಬರೆದಳು. ಎಲ್ಲ ತ್ರಿಕೋನಗಳಿಗೂ ಒಂದೇ ಏಟಿಗೆ ಲೆಕ್ಕ, ನಾಲ್ಕು ಸೆಕೆಂಡು. ಕಂಪನಿಯ ಮಾಲೀಕ ಖುರಾನಾ ಚಹಾ ಯಂತ್ರದ ಬಳಿ ಸಿಕ್ಕವರಿಗೆಲ್ಲ ನಾಲ್ಕು ಬೆರಳು ಎತ್ತಿ ತೋರಿಸಿದರು. ಒಮ್ಮೆ ರಘುನಂದನ್‌ಗೂ ತೋರಿಸಿದರು, ಅವನು ಯಾರೋ ಹೊಸಬನೆಂಬಂತೆ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಮಾನೇಸರಿನ ಕಾರು ಬಿಡಿಭಾಗಗಳ ಕಂಪನಿಯೊಂದು ಮೂರು ವರ್ಷದ ಕೆಲಸ ಕೊಡುವುದರಲ್ಲಿತ್ತು. ಆ ಕೆಲಸಕ್ಕೆ ರಘುನಂದನ್ ಮುಖ್ಯಸ್ಥ ಎಂದು ಎರಡು ವರ್ಷದಿಂದ ಎಲ್ಲರೂ ಮಾತಾಡಿಕೊಂಡಿದ್ದರು. ಈಗ ಖುರಾನಾ ಶುಕ್ರವಾರದ ಪ್ರದರ್ಶನ ಮುಗಿಯಲಿ, ಆಮೇಲೆ ಹೆಸರು ಹೇಳೋಣ ಅನ್ನುತ್ತಿದ್ದರು. ಪ್ರದರ್ಶನ ಮಾಡುವವಳು ಚೋಂದಮ್ಮ. ರಘುನಂದನ್‌ಗೆ ಕೊಟ್ಟದ್ದು ಅವಳ ಕೆಲಸವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಕೆಲಸ.

ತಪ್ಪು ಎಲ್ಲಾಯಿತೆಂದು ಹುಡುಕಲು ಅವನಿಗೆ ಎರಡು ನಿಮಿಷ ಸಾಕಾಯಿತು. ಬಾಗಿಲು ತಯಾರಿಸುವವರು ಎಡಗಡೆಯದರ ನಕ್ಷೆಯನ್ನು ಮಾತ್ರ ಬಿಡಿಸಿ ಕಳಿಸುತ್ತಾರೆ. ಬಲಗಡೆಯದನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಪಡೆಯಬೇಕು. ಮಗುಚಿದಾಗ ಮೂಲೆಗಳ ಸರದಿಯೂ ತಿರುವುಮುರುವಾಗುತ್ತದೆ. ಆದ್ದರಿಂದ ಪ್ರತಿ ತ್ರಿಕೋನದಲ್ಲೂ ಎರಡು ಮೂಲೆಗಳನ್ನು ಅದಲುಬದಲು ಮಾಡಬೇಕು. ಹಳೆಯದರಲ್ಲಿ ಅದಕ್ಕೆಂದೇ ಒಂದು ಸಾಲು ಇತ್ತು. ತಾನೊಬ್ಬನೇ ನೋಡುವ ಕೋಡ್ ಎಂಬ ಧೈರ್ಯದಲ್ಲಿ ಅವನು ಆ ಸಾಲಿಗೆ ವಿವರಣೆ ಬರೆದಿರಲಿಲ್ಲ. ಬಳಕೆ ತಪ್ಪಿದ ಸಾಲು ಅಂದುಕೊಂಡು ಅವಳು ಕೈಬಿಟ್ಟಿದ್ದಳು. ಅವಳ ಪರೀಕ್ಷೆಗಳು ಬಾಗಿಲು ಎಷ್ಟು ಮಿಲಿಮೀಟರ್ ಸರಿಯಿತು ಎಂಬುದನ್ನಷ್ಟೇ ಹಳೆಯ ಅಂಕಿಗಳಿಗೆ ಹೋಲಿಸುತ್ತಿದ್ದವು, ಯಾವ ಕಡೆಗೆ ಸರಿಯಿತು ಎಂಬುದನ್ನಲ್ಲ. ಅಂಕಿಗಳು ಹೊಂದಿಕೊಂಡಿದ್ದವು.

ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಬಂದಾಗ ಅವನು ಬಾಗಿಲಿನ ಫೈಲನ್ನು ಮುಚ್ಚಿ ಇಮೇಲ್ ತೆರೆದಿದ್ದ. ಚೋಂದಮ್ಮನಿಗೆ ಇಪ್ಪತ್ತೇಳು. ತಂದೆ ಸೇನೆಯಲ್ಲಿ ಸುಬೇದಾರರಾಗಿದ್ದವರು. ದಂಡುಪ್ರದೇಶದ ಶಾಲೆಗಳಲ್ಲೇ ಓದಿದವಳು. ಮನೆಯಲ್ಲಿ ಕೊಡವ ಮಾತು, ಹೊರಗೆ ಹಿಂದಿ. ಆಫೀಸಿನಲ್ಲಿ ಕನ್ನಡ ಬರುವ ಇನ್ನೊಬ್ಬ ಸಿಕ್ಕ ಮೇಲೆ ತನ್ನ ಕನ್ನಡವನ್ನು ಅವನ ಮೇಲೆಯೇ ಪಳಗಿಸುತ್ತಿದ್ದಳು.

"ರಘು ಸರ್, ರೈಟ್ ಡೋರ್ ನೋಡಿದ್ರಾ? ಲೆಫ್ಟ್ ನಾನು ಹತ್ತು ಸಲ ಓಡಿಸಿದ್ದೀನಿ. ರೈಟ್ ನಂಬರ್ಸ್ ಮಾತ್ರ ಚೆಕ್ ಮಾಡಿದ್ದು."

"ನೋಡ್ದೆ."

"ಸರಿ ಇದೆ ಅಲ್ವಾ? ಮತ್ಲಬ್, ನೀವು ಓಕೆ ಅಂದ್ರೆ ನಂಗೆ ನಿದ್ದೆ ಬರುತ್ತೆ."

ಅವನು ಇಮೇಲಿನ ಒಂದು ಸಾಲನ್ನು ಕೊನೆಯವರೆಗೂ ಓದಿದ. "ಸರಿ ಇದೆ. ಹೋಗಿ ಮಲಕ್ಕೋ."

ಅವಳು ನಕ್ಕು, ಇಷ್ಟು ಬೇಗ ಮಲಗಿದರೆ ಅಪ್ಪ ಥರ್ಮಾಮೀಟರ್ ತರುತ್ತಾರೆ ಎಂದು ಹೇಳಿ ಹೋದಳು.

ಮನೆಯಲ್ಲಿ ಹೆಂಡತಿ ಹರ್ಷಿಣಿ ಊಟಕ್ಕೆ ಬಡಿಸುತ್ತ ನಾಳೆಯ ಸುದ್ದಿ ಎತ್ತಿದಳು. ಚೋಂದಮ್ಮ ಅವಳಿಗೂ ಪರಿಚಯ. ಎರಡು ಸಲ ಮನೆಗೆ ಬಂದು, ಬಿಸಿಬೇಳೆ ಬಾತಿಗೆ ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡು ಅವಳ ಮನಸ್ಸು ಗೆದ್ದಿದ್ದಳು.

"ಪಾಪ, ಆ ಹುಡುಗಿ ಗಾಬರಿಯಲ್ಲಿರ್ತಾಳೆ. ನೀವಿದ್ದೀರಲ್ಲ ಪಕ್ಕದಲ್ಲಿ" ಅಂದಳು ಹರ್ಷಿಣಿ.

"ಅವಳಿಗೆ ಯಾರೂ ಪಕ್ಕದಲ್ಲಿರ್ಬೇಕಾಗಿಲ್ಲ."

"ಅಂದ್ರೆ?"

"ಸಾರು ಹಾಕು."

ಬೆಳಿಗ್ಗೆ ಫೋನು ಎತ್ತಿ ಹೇಳಿಬಿಡಬಹುದಿತ್ತು. ಹೇಳುವ ಮಾತನ್ನು ಅವನು ಹಲ್ಲುಜ್ಜುತ್ತ ಸಿದ್ಧಮಾಡಿಕೊಂಡದ್ದೂ ನಿಜ. ಆದರೆ ಹೇಳಿದರೆ ಅವಳು ಹತ್ತು ನಿಮಿಷದಲ್ಲಿ ಸರಿಪಡಿಸುತ್ತಾಳೆ, ಥ್ಯಾಂಕ್ಸ್ ಸರ್ ಅನ್ನುತ್ತಾಳೆ, ಖುರಾನಾ ನಾಲ್ಕು ಬೆರಳು ಎತ್ತುತ್ತಾರೆ. ಇಷ್ಟಕ್ಕೂ ಅವರು ತೋರಿಸುವುದು ಎಡಬಾಗಿಲನ್ನು. ಬಲಬಾಗಿಲನ್ನು ಯಾರೂ ಕೇಳದಿದ್ದರೆ ಸೋಮವಾರ ತಾನೇ ಹೇಳಿದರಾಯಿತು. ಕೇಳಿದರೆ, ಕೇಳಲಿ. ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ಮಾನೇಸರಿನ ಸಭಾಕೋಣೆಯಲ್ಲಿ ಎದುರಿಗೆ ಕುಳಿತವರು ಯಾದವ್, ಆ ಕಂಪನಿಯ ಬಾಗಿಲು ವಿಭಾಗದ ಹಿರಿಯ ಎಂಜಿನಿಯರ್. ರೇವಾಡಿಯ ಕಡೆಯವರು, ಕಡಿಮೆ ಮಾತಿನವರು. ಚೋಂದಮ್ಮ ಪರದೆಯ ಮೇಲೆ ಎಡಬಾಗಿಲನ್ನು ಒತ್ತಿ ತೋರಿಸಿದಳು. ಬಣ್ಣಗಳು ನೀಲಿಯಿಂದ ಕೆಂಪಿಗೆ ಹರಿದು, ತಗಡು ಎರಡೂವರೆ ಮಿಲಿಮೀಟರ್ ತಗ್ಗಿತು. ಯಾದವ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದ ಕಾರ್ಖಾನೆಯ ಅಳತೆಗೆ ಹೋಲಿಸಿ ತಲೆಯಾಡಿಸಿದರು. ಖುರಾನಾ ನಾಲ್ಕು ಸೆಕೆಂಡಿನ ವಿಷಯ ಹೇಳಿದರು. ಯಾದವ್ ಪೆನ್ನಿನ ಕ್ಯಾಪು ಹಾಕಿ, ಬಲಗಡೆಯದನ್ನೂ ನೋಡೋಣ ಅಂದರು.

ರಘುನಂದನ್ ನೀರಿನ ಬಾಟಲಿಯ ಮುಚ್ಚಳ ತಿರುವಿದ.

ಚೋಂದಮ್ಮ ಆಫೀಸಿನ ಸರ್ವರಿನಿಂದ ಬಲಬಾಗಿಲಿನ ಫೈಲನ್ನು ತೆರೆದಳು. ಗೋಡೆಯ ದೊಡ್ಡ ಪರದೆಯ ಮೇಲೆ ಬಾಗಿಲು ಮೂಡಲಿಲ್ಲ. ಹಿಡಿಕೆಯ ಗುಳಿಯೊಂದೇ ಮೂಡಿತು, ಅತಿ ಹತ್ತಿರದಿಂದ, ಒಳಕ್ಕೆ ತಿರುಗಿದ ಹಳದಿ ಬಾಣಗಳ ಸಮೇತ. ಫೈಲನ್ನು ಕೊನೆಯಲ್ಲಿ ನೋಡಿದವನು ಯಾವ ನೋಟದಲ್ಲಿ ಬಿಟ್ಟಿದ್ದನೋ ಅದೇ ನೋಟದಲ್ಲಿ ತೆರೆಯುವುದು ಆ ತಂತ್ರಾಂಶದ ರೂಢಿ. ಕೆಳಗಿನ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಅವನ ಹೆಸರಿತ್ತು. ಪಕ್ಕದಲ್ಲಿ ಗುರುವಾರ, ಐದೂ ನಲವತ್ತೆರಡು.

ಈ ಸೌಲಭ್ಯವನ್ನು ಸೇರಿಸಿದವನೂ ಅವನೇ.

ಅವಳು ಬಾಣಗಳನ್ನು ನೋಡಿದಳು. ಆಮೇಲೆ ಕೆಳಗಿನ ಅಂಚನ್ನು ನೋಡಿದಳು. ಅವನ ಕಡೆ ತಿರುಗಲಿಲ್ಲ. ಖುರಾನಾ ಅವರಿಗೆ ಬಾಣಗಳ ಗೋಜಿಲ್ಲ, ಅವರು ಚಿತ್ರ ಸರಿಯಾಗಿ ತೆರೆಯಲಿಲ್ಲ ಎಂದು ಭಾವಿಸಿ ಪ್ರೊಜೆಕ್ಟರಿನ ತಂತಿಯತ್ತ ಕೈಮಾಡಿದರು. ಚೋಂದಮ್ಮ ತಂತಿ ಸರಿಯಿದೆ, ತಪ್ಪು ತನ್ನದು ಅಂದಳು. ಹಿಂದಿಯಲ್ಲಿ, ಅವಸರವಿಲ್ಲದೆ, ಬಾಗಿಲನ್ನು ಮಗುಚಿದಾಗ ಮೂಲೆಗಳ ಸರದಿ ಬದಲಿಸಬೇಕಿತ್ತು, ತಾನು ಬದಲಿಸಿಲ್ಲ ಎಂದು ಯಾದವ್ ಅವರಿಗೆ ವಿವರಿಸಿದಳು. ಈಗಲೇ ಒತ್ತಿದರೆ ಬಾಗಿಲು ಹೊರಕ್ಕೆ ಉಬ್ಬುತ್ತದೆ ಎಂದು ಹೇಳಿ, ಒತ್ತಿ ಉಬ್ಬಿಸಿಯೂ ತೋರಿಸಿದಳು. ಅನಂತರ ಎಲ್ಲರ ಕಣ್ಣೆದುರೇ ಒಂದು ಸಾಲು ಬರೆದು ಮತ್ತೆ ಓಡಿಸಿದಳು. ನಾಲ್ಕು ಸೆಕೆಂಡು. ಬಾಗಿಲು ಎರಡೂವರೆ ಮಿಲಿಮೀಟರ್ ತಗ್ಗಿತು.

ಯಾದವ್ ಪುಸ್ತಕ ತೆರೆದು ಅದನ್ನೂ ಬರೆದುಕೊಂಡರು.

"ರಿವ್ಯೂ ಮೇ ಕಿಸೀ ನೇ ದೇಖಾ ನಹೀ ಥಾ?" ಎಂದು ಕೇಳಿದರು. ಪರಿಶೀಲನೆಯಲ್ಲಿ ಯಾರೂ ಇದನ್ನು ನೋಡಿರಲಿಲ್ಲವೇ?

ರಘುನಂದನ್ ಬಾಯಿ ತೆರೆಯಲು ಅಲ್ಲಿ ಸಾಕಷ್ಟು ಸಮಯವಿತ್ತು.

"ರಿವ್ಯೂ ದಾಖಲೆ ಇದೆ ಸರ್" ಎಂದು ಅವಳೇ ಹಿಂದಿಯಲ್ಲಿ ಹೇಳಿದಳು. "ಸಂಜೆಯೊಳಗೆ ಕಳಿಸ್ತೀವಿ."

ಕಾರ್ಖಾನೆಯ ಗೇಟಿನ ಬಳಿ ಖುರಾನಾ ತುಂಬ ಹಗುರವಾಗಿದ್ದರು. ತಪ್ಪನ್ನು ಎದುರಿಗೇ ಒಪ್ಪಿಕೊಂಡು ಸರಿಪಡಿಸಿದವರನ್ನು ತಾವು ಇದೇ ಮೊದಲು ನೋಡಿದ್ದೆಂದು ಯಾದವ್ ಖುರಾನಾಗೆ ಹೇಳಿದ್ದರಂತೆ. ಕೆಲಸ ನಮಗೇ ಅಂದರು ಖುರಾನಾ. ಚೋಂದಮ್ಮನ ಹೆಸರನ್ನು ಅಲ್ಲೇ, ಬಿಸಿಲಿನಲ್ಲೇ ಹೇಳಿಬಿಟ್ಟರು. ರಘುನಂದನ್ ಕೈಚಾಚಿ ಅಭಿನಂದಿಸಿದ. ಅವಳು ಕೈ ಕುಲುಕಿದಳು. ಖುರಾನಾ ತಮ್ಮ ಕಾರಿನಲ್ಲಿ ಭಿವಾಡಿಯ ಕಡೆ ಹೊರಟರು. ಉಳಿದ ಇಬ್ಬರಿಗೆ ಒಂದು ಟ್ಯಾಕ್ಸಿ.

ಹೆದ್ದಾರಿಗೆ ಬಂದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ತೊಡೆಯ ಮೇಲಿಟ್ಟುಕೊಂಡಳು. ಕೇಳುತ್ತಾಳೆ ಎಂದು ಅವನು ಕಾದ. ಕೇಳಿದರೆ ಗಮನಿಸಲಿಲ್ಲ ಅನ್ನಬೇಕು, ದಣಿದಿದ್ದೆ ಅನ್ನಬೇಕು, ಕಣ್ಣಿನ ನಂಬರು ಬದಲಾಗಿದೆ ಅನ್ನಬೇಕು. ಒಂದೊಂದನ್ನೂ ಒಳಗೇ ಅಂದು ನೋಡಿದ. ಖೇರ್ಕಿ ದೌಲಾ ಟೋಲಿನ ಹತ್ತಿರ ವಾಹನಗಳು ನಿಂತವು. ಮುಂದೆ ಹೊಸ ಕಾರುಗಳನ್ನು ಹೊತ್ತ ಉದ್ದನೆಯ ಲಾರಿ. ಟ್ಯಾಕ್ಸಿಯವನು ಎಂಜಿನ್ ಆರಿಸಿ ಕಿಟಕಿ ಇಳಿಸಿದ.

ರಘುನಂದನ್‌ನ ಫೋನು ಕಂಪಿಸಿತು. ಅವಳಿಂದಲೇ ಬಂದ ಇಮೇಲ್. ಸಂಜೆ ಯಾದವ್‌ಗೆ ಕಳಿಸಬೇಕಾದ ಪರಿಶೀಲನೆಯ ನಮೂನೆ. ಭಾಗದ ಹೆಸರು: ಮುಂದಿನ ಬಾಗಿಲು, ಬಲ. ಪರಿಶೀಲಿಸಿದವರು: ರಘುನಂದನ್. ದಿನಾಂಕ, ವೇಳೆ, ಎಲ್ಲವನ್ನೂ ತಂತ್ರಾಂಶವೇ ತುಂಬಿತ್ತು. ಅವಳ ಸಹಿ ಕೆಳಗಿತ್ತು. ಕಂಡುಬಂದ ಅಂಶ ಎಂಬಲ್ಲಿ ಮಾತ್ರ ಏನೂ ಇರಲಿಲ್ಲ.

ಅವನು ಪಕ್ಕಕ್ಕೆ ತಿರುಗಿದ. ಅವಳು ಲ್ಯಾಪ್‌ಟಾಪ್ ಮುಚ್ಚಿ ಹೊರಗೆ ನೋಡುತ್ತಿದ್ದಳು.

"ಚೋಂದಮ್ಮ" ಅಂದ.

"ಯಸ್ ಸರ್" ಅಂದಳು. "ಬೈ ಫೈವ್, ಪ್ಲೀಸ್."

ಲಾರಿ ಒಂದು ಗಾಡಿಯಷ್ಟು ಮುಂದೆ ಸರಿಯಿತು. ಟ್ಯಾಕ್ಸಿಯೂ ಅಷ್ಟು ಸರಿದು ನಿಂತಿತು. ಅವನು ಆ ಖಾಲಿ ಜಾಗದ ಮೇಲೆ ಬೆರಳಿಟ್ಟ. ಫೋನಿನ ತಳದಿಂದ ಕೀಲಿಮಣೆಯ ಅಕ್ಷರಗಳು ಎದ್ದು ಬಂದು ಅರ್ಧ ಪರದೆ ತುಂಬಿದವು.