ಹದಿನೇಳು ಹದಿನೈದರ ಬಸ್ಸು

"ಕೆಂಪು ಬಂದ್ರೆ ತಪ್ಪು ಅಂತ ಅರ್ಥ ಸರ್," ಎಂದಳು ತಂಗಿ. "ಬಸ್ ನಂಬರು ನೀಲಿ, ವೇಳೆ ಹಸಿರು, ನಿಲ್ದಾಣ ಕಪ್ಪು. ಬರೆಯೋ ರೀತಿ ತಪ್ಪಿದ್ರೆ ತಾನಾಗೇ ಕೆಂಪಾಗುತ್ತೆ."

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಾಗಿದರು. ಬಸ್ಸುಗಳ ವೇಳಾಪಟ್ಟಿ ಹತ್ತೊಂಬತ್ತು ವರ್ಷಗಳಿಂದ ಇದೇ ಕೋಣೆಯಲ್ಲಿ ತಯಾರಾಗುತ್ತಿತ್ತು. ಅವರು ಹೀಗೆ ಬಾಗಿ ನೋಡಿದ್ದು ಇದೇ ಮೊದಲು. ಪಕ್ಕದ ಮೇಜಿನಲ್ಲಿ ಅಕ್ಕ ಆಗಲೇ ಚೂಪಾಗಿದ್ದ ಪೆನ್ಸಿಲನ್ನು ಮತ್ತೆ ಚೂಪು ಮಾಡುತ್ತಿದ್ದಳು.

"ಕೊನೇ ಪುಟದಲ್ಲಿ ಈ ಸಲ ನಿನ್ನ ಹೆಸರೇ ಹಾಕಿಸೋಣಮ್ಮ. ಐದು ಗಂಟೆಗೆ ಅಚ್ಚಿಗೆ ಕಳಿಸ್ಬಿಡು. ಹಾಂ, ಬೆಳಗಿನ ಏಳೂ ಕಾಲರ ಬಸ್ಸುಗಳೆಲ್ಲ ಸೋಮವಾರದಿಂದ ಏಳು ಇಪ್ಪತ್ತಕ್ಕೆ. ಅದೊಂದು ಬದಲಾಯಿಸ್ಬೇಕು," ಎಂದರು ಸಾಹೇಬರು ತಂಗಿಗೆ.

ವರ್ಷಕ್ಕೊಂದರಂತೆ ಅಚ್ಚಾದ ಹದಿನೆಂಟು ವೇಳಾಪಟ್ಟಿ ಪುಸ್ತಕಗಳ ಕೊನೇ ಪುಟದಲ್ಲಿ, ತಯಾರಿಸಿದವರು ಎಂಬಲ್ಲಿ, ಅಕ್ಕನ ಹೆಸರಿತ್ತು. ತಂಗಿಯನ್ನು ಈ ಕೆಲಸಕ್ಕೆ ಸೇರಿಸಿದ್ದೂ ಅವಳೇ. ಮೂರು ಸಲ ಸಾಹೇಬರ ಕೋಣೆಗೆ ಹೋಗಿ ಕೇಳಿಕೊಂಡಿದ್ದಳು. ಎಂಟು ತಿಂಗಳಲ್ಲಿ ಈ ಹುಡುಗಿ ಪಟ್ಟಿಗೆ ಬಣ್ಣ ಬಳಿದು ಎಲ್ಲರ ಕಣ್ಣಿಗೂ ಬಿದ್ದಳು. ಚಿಕ್ಕಂದಿನಿಂದಲೂ ಹೀಗೆಯೇ. ಅಕ್ಕ ಬೆವರು ಸುರಿಸಿದ್ದನ್ನು ತಂಗಿ ನಗುನಗುತ್ತ ಮುಗಿಸುತ್ತಿದ್ದಳು, ಅಮ್ಮ ಅವಳ ತಲೆ ಸವರುತ್ತಿದ್ದಳು. ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಹೆಸರಿಡಲು ಅವಳು ಪ್ರಯತ್ನಿಸಿ ನೋಡಿದ್ದಳು, ಯಾವುದೂ ಒಪ್ಪಲಿಲ್ಲ.

ತಂಗಿ ಊಟಕ್ಕೆ ಹೋದಳು. ಅಕ್ಕ ಹಸಿವಿಲ್ಲವೆಂದು ಉಳಿದು, ಅವಳ ಕುರ್ಚಿಯಲ್ಲಿ ಕೂತಳು. ತಂಗಿ ಪರದೆಯಲ್ಲಿ ಹುಡುಕುವ ಪೆಟ್ಟಿಗೆ ತೆಗೆಯುವುದನ್ನು, ಅಲ್ಲಿ ವಿಚಿತ್ರ ಚಿಹ್ನೆಗಳನ್ನು ಹೊಡೆಯುವುದನ್ನು ಅವಳು ಓರೆಗಣ್ಣಿನಿಂದ ಎಷ್ಟೋ ಸಲ ನೋಡಿದ್ದಳು. ಇದಕ್ಕೆ ಅಂಥ ಚಿಹ್ನೆಯೇನೂ ಬೇಡ. ಮೇಲೆ 7.15, ಕೆಳಗೆ 7.20. ಎಲ್ಲವನ್ನೂ ಬದಲಾಯಿಸು. ತಂಗಿ ಬರುವಷ್ಟರಲ್ಲಿ ಮುಗಿಸಿ, ನಾನೇ ಮಾಡಿದೆ ಎನ್ನಬೇಕು, ಅಷ್ಟೇ.

ಪರದೆಯ ತುಂಬ ಕೆಂಪು ಎದ್ದಿತು. ಅಕ್ಕ ಪಟ್ಟಿಯನ್ನು ಗಾಬರಿಯಲ್ಲಿ ಉಳಿಸಿ ಮುಚ್ಚಿದಳು. ಮತ್ತೆ ತೆರೆದಾಗಲೂ ಕೆಂಪು ಹಾಗೆಯೇ ಇತ್ತು. ಹಿಂದಕ್ಕೆ ಹೋಗುವ ದಾರಿ ಮಾತ್ರ ಇರಲಿಲ್ಲ.

ತಂಗಿ ಬಾಗಿಲಲ್ಲೇ ನಿಂತು ನೋಡಿದಳು. ಯಾರು ಮಾಡಿದ್ದೆಂದು ಕೇಳಲಿಲ್ಲ. "ಈ ಹುಡುಕೋ ಪೆಟ್ಟಿಗೇಲಿ ಚುಕ್ಕೆ ಅಂದ್ರೆ ಬರೀ ಚುಕ್ಕೆ ಅಲ್ಲ ಅಕ್ಕ. ಆ ಜಾಗದಲ್ಲಿ ಏನಿದ್ರೂ ಅದು ಒಪ್ಕೊಳ್ಳುತ್ತೆ. 7215, 7415, ಇಂಥ ಬಸ್ ನಂಬರುಗಳನ್ನೂ ವೇಳೆ ಅಂತ ತಿಳ್ಕೊಂಡು 7.20 ಮಾಡ್ಬಿಟ್ಟಿದೆ. ಚುಕ್ಕೆ ಮುಂದೆ ಒಂದು ಓರೆ ಗೀಟು ಹಾಕ್ಬೇಕು. ನಾನೂ ಮೊದಲು ಹೀಗೇ ಮಾಡಿದ್ದೆ."

ಆ ಕೊನೇ ಮಾತು ಸುಳ್ಳೆಂದು ಅಕ್ಕನಿಗೆ ಗೊತ್ತಿತ್ತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಹಳೇ ಪ್ರತಿ ಸಾಹೇಬರ ಹತ್ರ ಇದೆ," ಎಂದಳು ತಂಗಿ. "ಕೇಳಿದ್ರೆ ಯಾಕೆ ಅಂತ ಹೇಳ್ಬೇಕಾಗುತ್ತೆ. ಯಾವ ದಾರಿಗೆ ಯಾವ ನಂಬರು ಅಂತ ನಿಂಗೆ ನೆನಪಿದೆಯಾ?"

ಅಕ್ಕನಿಗೆ ಎಲ್ಲ ಬಾಯಿಪಾಠ. ತಂಗಿ ನಿಲ್ದಾಣಗಳನ್ನು ಓದುತ್ತ ಹೋದಳು. ಹಾಲಿನ ಡೇರಿ, ಹಳೇ ಸೇತುವೆ, ಗಾಜಿನ ಕಾರ್ಖಾನೆ. "7415," ಎಂದಳು ಅಕ್ಕ. ಆಸ್ಪತ್ರೆ, ನೀರಿನ ಟ್ಯಾಂಕು. "7815." ಒಂದೊಂದೇ ಕೆಂಪು ನೀಲಿಯಾಯಿತು. ಮಧ್ಯೆ ಒಮ್ಮೆ ತಂಗಿ, "ಇಷ್ಟೆಲ್ಲ ಹೇಗೇ ನೆನಪಿಟ್ಕೊಂಡಿದೀಯ?" ಎಂದಳು. ಅಕ್ಕ ಕೇಳಿಸದವಳಂತೆ ಕೂತಳು, ಅವಳು ಇನ್ನೊಮ್ಮೆ ಹೇಳಲಿ ಎಂದು. ಅವಳು ಹೇಳಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಪರದೆಯಲ್ಲಿ ಒಂದೂ ಕೆಂಪು ಉಳಿದಿರಲಿಲ್ಲ. "ಸದ್ಯ, ಬಚಾವ್. ಕಳಿಸ್ಬಿಡ್ಲಾ?" ಎಂದಳು ತಂಗಿ.

ಆಗ ಅಕ್ಕನ ಕಣ್ಣು ಕೆಳಗಿನ ಒಂದು ಸಾಲಿನ ಮೇಲೆ ನಿಂತಿತು. 17.20. ಸಂಜೆಯ ಬಸ್ಸು, ಇರಬೇಕಾದದ್ದು 17.15. ಹದಿನೇಳರ ಬಾಲದಲ್ಲಿದ್ದ ಏಳೂ ಅವಳ ಹುಡುಕಾಟಕ್ಕೆ ಸಿಕ್ಕಿಬಿದ್ದಿತ್ತು. ಬರೆಯುವ ರೀತಿ ಸರಿಯಾಗಿತ್ತು, ಹಾಗಾಗಿ ಅಚ್ಚ ಹಸಿರು. ಸುಮ್ಮನಿದ್ದರೆ ಅದು ಹಾಗೆಯೇ ಅಚ್ಚಾಗುತ್ತದೆ. ಸೋಮವಾರ ಸಂಜೆ ಜನ ಬಸ್ಸು ತಪ್ಪಿಸಿಕೊಂಡು ಪುಸ್ತಕದ ಕೊನೇ ಪುಟ ತಿರುವಿ ನೋಡುತ್ತಾರೆ. ಅಲ್ಲಿ ಇರುವುದು ಅಕ್ಕನ ಹೆಸರಲ್ಲ.

"ಅಕ್ಕಾ, ಕಳಿಸ್ಲಾ?"

"ನಾವು ದಿನಾ ಮನೆಗೆ ಹೋಗೋ ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದಳು ಅಕ್ಕ.

ಎಂಟು ತಿಂಗಳು ಅಕ್ಕ ಎದ್ದಾಗ ಎದ್ದು, ಅವಳ ಹಿಂದೆಯೇ ಬಸ್ಸು ಹತ್ತಿದವಳು ತಂಗಿ. ಪರದೆ ನೋಡಿದಳು. ಹಸಿರಿತ್ತು.

"ಐದು ಇಪ್ಪತ್ತಕ್ಕಲ್ವಾ?"

ಅಕ್ಕ ಆ ತಪ್ಪು ಉತ್ತರವನ್ನು ಒಂದು ಗಳಿಗೆ ತನ್ನ ಹತ್ತಿರವೇ ಇಟ್ಟುಕೊಂಡಳು. ಗೋಡೆಯ ಗಡಿಯಾರದ ಮುಳ್ಳು ಒಂದು ಗೆರೆ ಸರಿಯಿತು. ತಂಗಿಯ ಬೆರಳು ಕಳಿಸುವ ಗುಂಡಿಯ ಮೇಲಿತ್ತು.

ಅಕ್ಕ ಆ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡಳು. ಇಪ್ಪತ್ತನ್ನು ಅಳಿಸಿ ಹದಿನೈದು ಎಂದು ಹೊಡೆದಳು. ಹಸಿರು ಹಸಿರಾಗಿಯೇ ಇತ್ತು.